ಕಾರಿನ ಮೂಗು ಕೊಯ್ಯುವ ಶೋಕಿ

ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಮನೆಗೆ ಬಂದು ಪೂಜೆಯಾಗಿ ತಿಂಗಳು ಕಳೆದಿರುವುದಿಲ್ಲ, ಬಾನೆಟ್ ಒಳಗಿನ ಕಪ್ಪು ಪ್ಲಾಸ್ಟಿಕ್ ಡಬ್ಬಿ ಗುಜರಿಗೆ ಹೋಗಿರುತ್ತದೆ. ಅದರ ಜಾಗದಲ್ಲಿ ಹೊಳೆಯುವ ಅಲ್ಯೂಮಿನಿಯಂ ಪೈಪು, ಪೈಪಿನ ತುದಿಗೆ ಐಸ್‌ಕ್ರೀಮ್ ಕೋನ್ ಥರದ ಕೆಂಪು ಫಿಲ್ಟರ್. ಇದರ ಹೆಸರು ಕೋಲ್ಡ್ ಏರ್ ಇಂಟೇಕ್. ಹಾಕಿಸಿದ ದಿನವೇ ಬಾನೆಟ್ ಎತ್ತಿ ರೀಲ್ಸ್. ಹಿನ್ನೆಲೆಯಲ್ಲಿ ಟರ್ಬೊ ಶಿಳ್ಳೆ. ಕೆಳಗೆ ಬೆಂಕಿ ಚಿತ್ರದ ಕಾಮೆಂಟುಗಳು. ‘ಬ್ರೋ, ಎಷ್ಟಾಯ್ತು, ಎಲ್ಲಿ ಹಾಕಿಸಿದ್ರಿ?’

ನಾವು ಇದಕ್ಕೆ ವಿರುದ್ಧ. ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಊರಿನ ರಸ್ತೆಗೂ ನಮ್ಮ ಜೇಬಿಗೂ ಇದು ಆಗಿಬರುವ ವಸ್ತುವಲ್ಲ. ‘ನಿಮಗ್ಯಾಕ್ರೀ ಅಸೂಯೆ, ಕಾರು ನಂದು, ದುಡ್ಡು ನಂದು’ ಅನ್ನುವವರು ದಯವಿಟ್ಟು ಕೊನೆವರೆಗೂ ಓದಿ ಆಮೇಲೆ ಬೈಯಿರಿ.

ಮೊದಲು ಆ ಕಪ್ಪು ಡಬ್ಬಿಯ ವಿಷಯ. ಅದು ಎಂಜಿನ್ನಿನ ಮೂಗು. ನಮ್ಮ ಕಡೆ ಮನೆಗೊಂದರಂತೆ ಇರುವ 1.3 ಲೀಟರ್ ಡೀಸೆಲ್ ಎಂಜಿನ್ನನ್ನೇ ತಗೊಳ್ಳಿ. ಅದರ ನಿಜವಾದ ಅಳತೆ 1248 ಸಿಸಿ. ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಒಳಗೆಳೆಯುತ್ತದೆ. 2000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ, ಟರ್ಬೊ ಲೆಕ್ಕ ಬಿಟ್ಟರೂ, ನಿಮಿಷಕ್ಕೆ ಸುಮಾರು 1250 ಲೀಟರ್. ಗಂಟೆಗೆ 75,000 ಲೀಟರ್. ಊರಿನ ಓವರ್‌ಹೆಡ್ ಟ್ಯಾಂಕು 50,000 ಲೀಟರಿನದಾದರೆ, ಅಂಥ ಒಂದೂವರೆ ಟ್ಯಾಂಕು ಗಾಳಿಯನ್ನು ಒಂದು ಗಂಟೆಯಲ್ಲಿ ಕುಡಿದು ಉಗುಳುವ ಯಂತ್ರ ಇದು. ಆ ಗಾಳಿಯಲ್ಲಿ ಏನಿದೆ ಅನ್ನುವುದೇ ಪ್ರಶ್ನೆ.

ಸಂಡೂರು ಕಡೆಯವರಿಗೆ ಕೇಳಬೇಕಾಗಿಲ್ಲ. ಅದಿರು ಲಾರಿ ಮುಂದೆ ಹೋದರೆ ಹಿಂದಿನ ಕಾರಿನ ವೈಪರ್ ಕೆಂಪಾಗುತ್ತದೆ. ಕೊಪ್ಪಳ, ರಾಯಚೂರಿನ ಕಡೆ ಎರೆಮಣ್ಣಿನ ಬಂಡಿದಾರಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕ್ರಷರ್ ಪುಡಿ. ಕ್ರಷರ್ ಪುಡಿಯಲ್ಲಿ, ಮರಳಿನಲ್ಲಿ ಇರುವುದು ಮುಖ್ಯವಾಗಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಜಾತಿ. ಎಂಜಿನ್ನಿನ ಸಿಲಿಂಡರ್ ಗೋಡೆಯ ಎರಕದ ಕಬ್ಬಿಣಕ್ಕಿಂತ ಬೆಣಚುಕಲ್ಲು ಗಟ್ಟಿ. ಅಷ್ಟು ಸಾಕು. ಆ ಪುಡಿ ಒಳಗೆ ಹೋದರೆ ಪಿಸ್ಟನ್ ರಿಂಗಿಗೂ ಗೋಡೆಗೂ ನಡುವೆ ಉಪ್ಪುಕಾಗದ ಉಜ್ಜಿದ ಹಾಗೆ. ಮೊದಲು ಎಂಜಿನ್ ಆಯಿಲ್ ಕಡಿಮೆಯಾಗತೊಡಗುತ್ತದೆ, ಆಮೇಲೆ ನೀಲಿ ಹೊಗೆ, ಆಮೇಲೆ ಬೆಳಗ್ಗೆ ಸ್ಟಾರ್ಟ್ ಆಗಲು ಒದ್ದಾಟ. ಟರ್ಬೊ ಇದ್ದರೆ ಅದರ ರೆಕ್ಕೆಗಳು ಮೊದಲು ಸವೆಯುತ್ತವೆ, ಯಾಕೆಂದರೆ ಫಿಲ್ಟರ್ ದಾಟಿದ ಧೂಳಿಗೆ ಮೊದಲು ಸಿಗುವುದೇ ಅವು. ಇದೆಲ್ಲ ಒಂದು ದಿನದಲ್ಲಿ ಆಗುವುದಿಲ್ಲ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಆಗುತ್ತದೆ. ಅಷ್ಟರಲ್ಲಿ ಕೋನ್ ಹಾಕಿಸಿದ ಮಾತು ಎಲ್ಲರಿಗೂ ಮರೆತಿರುತ್ತದೆ. ‘ಸೆಕೆಂಡ್ ಹ್ಯಾಂಡ್ ಗಾಡಿ, ಹಣೆಬರಹ’ ಎಂದು ಹಳೇ ಮಾಲೀಕನನ್ನು ಬೈದು ಸುಮ್ಮನಾಗುತ್ತೇವೆ.

ತಮಾಷೆಯೆಂದರೆ ಈ ಪಾಠ ನಮ್ಮ ಮನೆಯಲ್ಲೇ ಇದೆ. ಹಳೇ ಟ್ರ್ಯಾಕ್ಟರ್ ಇರುವ ಮನೆಗಳಲ್ಲಿ ನೋಡಿ. ರಾಗಿ ಒಕ್ಕಣೆ, ಭತ್ತದ ಒಕ್ಕಣೆ ಕಾಲ ಬಂದರೆ ಅಪ್ಪ ದಿನಾ ಬೆಳಗ್ಗೆ ಆಯಿಲ್ ಬಾತ್ ಬಿಚ್ಚುತ್ತಾನೆ. ತಳದಲ್ಲಿ ಕೂತ ಕೆಸರು ತೆಗೆದು, ಬಟ್ಟಲು ಒರೆಸಿ, ಗೆರೆವರೆಗೆ ಹೊಸ ಎಣ್ಣೆ ಹಾಕಿ ಮುಚ್ಚುತ್ತಾನೆ. ಮೇಲಿನ ಪ್ರೀ ಕ್ಲೀನರ್ ಗಾಜಿನ ಬಟ್ಟಲಲ್ಲಿ ಹೊಟ್ಟು ತುಂಬಿದರೆ ಹೊಲದಲ್ಲೇ ನಿಲ್ಲಿಸಿ ಕೊಡವುತ್ತಾನೆ. ಅವನಿಗೆ ಯಾವ ಯೂಟ್ಯೂಬ್ ಚಾನೆಲ್ಲೂ ಹೇಳಿಕೊಟ್ಟಿದ್ದಲ್ಲ. ಧೂಳು ಹೊಕ್ಕರೆ ಎಂಜಿನ್ ಹೋಯಿತು ಅನ್ನುವುದು ಅವನಿಗೆ ಗೊತ್ತು. ಅದೇ ಕೊಟ್ಟಿಗೆಯಲ್ಲಿ ನಿಂತ ಕಾರಿನ ಫಿಲ್ಟರ್ ಡಬ್ಬಿಯನ್ನು ಮಗ ಕಿತ್ತು ಬಿಸಾಡುತ್ತಾನೆ.

‘ಅಣ್ಣಾ, ಅದೂ ಫಿಲ್ಟರ್ರೇ ತಾನೆ?’ ಹೌದು, ಫಿಲ್ಟರ್ರೇ. ಕಂಪನಿಯದು ಮಡಿಕೆ ಮಡಿಕೆಯಾದ ಕಾಗದ. ಕೋನಿನಲ್ಲಿ ಇರುವುದು ಎಣ್ಣೆ ಸವರಿದ ಹತ್ತಿಬಟ್ಟೆ, ಅಗ್ಗದ್ದಾದರೆ ಬರೀ ಸ್ಪಾಂಜು ಇಲ್ಲವೇ ತಂತಿ ಬಲೆ. ಒಳ್ಳೆ ತಯಾರಕರ ಹತ್ತಿ ಫಿಲ್ಟರ್ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಆದರೆ ಸರಳ ಲೆಕ್ಕ ನೋಡಿ. ಒಂದು ಫಿಲ್ಟರ್ ನೂರು ಚಮಚ ಧೂಳಿನಲ್ಲಿ 99 ಹಿಡಿಯುತ್ತದೆ, ಇನ್ನೊಂದು 97 ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅಂಗಡಿಯವನು ‘ಎರಡೇ ಪರ್ಸೆಂಟ್ ವ್ಯತ್ಯಾಸ’ ಅನ್ನುತ್ತಾನೆ. ಎಂಜಿನ್ನಿನ ಕಡೆಯಿಂದ ನೋಡಿದರೆ ಮೊದಲು ಒಂದು ಚಮಚ ಒಳಗೆ ಹೋಗುತ್ತಿತ್ತು, ಈಗ ಮೂರು ಚಮಚ. ಮೂರು ಪಟ್ಟು. ಫಿಲ್ಟರ್ ಎಷ್ಟು ಧೂಳು ಹಿಡಿಯುತ್ತದೆ ಎಂದು ಅಳೆಯಲು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಪರೀಕ್ಷೆಯೇ ಇದೆ. ಮುಂದಿನ ಸಲ ಜಿಲ್ಲಾ ಕೇಂದ್ರದ ಆಕ್ಸೆಸರೀಸ್ ಅಂಗಡಿಯಲ್ಲಿ ‘ಇದರ 5011 ರಿಪೋರ್ಟ್ ಕೊಡಿ’ ಎಂದು ಕೇಳಿ ನೋಡಿ. ಮುಖ ನೋಡಿದರೆ ಸಾಕು.

ಹತ್ತಿ ಫಿಲ್ಟರಿಗೆ ಎಣ್ಣೆ ಬೇಕು, ಅದು ಧೂಳಿಗೆ ಅಂಟು. ತೊಳೆದು, ಒಣಗಿಸಿ, ಅಳತೆಗೆ ತಕ್ಕ ಎಣ್ಣೆ ಹಾಕಬೇಕು. ಕಡಿಮೆಯಾದರೆ ಧೂಳು ಒಳಗೆ. ಜಾಸ್ತಿಯಾದರೆ ಎಣ್ಣೆಯೇ ಗಾಳಿ ಜೊತೆ ಹಾರಿ ಮುಂದಿರುವ ಏರ್ ಫ್ಲೋ ಸೆನ್ಸರಿನ ಮೇಲೆ ಕೂರುತ್ತದೆ. ಆ ಸೆನ್ಸರ್ ಗಾಳಿಯನ್ನು ತಪ್ಪು ಅಳೆಯುತ್ತದೆ, ಗಾಡಿ ಎಳೆಯುವುದಿಲ್ಲ, ಚೆಕ್ ಎಂಜಿನ್ ಲೈಟ್ ಉರಿಯುತ್ತದೆ. ಫಿಲ್ಟರಿಗೆ ಕೊಟ್ಟಷ್ಟೇ ದುಡ್ಡು ಇನ್ನೊಮ್ಮೆ.

ಇನ್ನು ಪವರ್ ಮಾತು. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ನಿರ್ಧಾರವಾಗುವುದು ಎಷ್ಟು ಡೀಸೆಲ್ ಚಿಮ್ಮಿಸಿದೆ ಎಂಬುದರಿಂದ. ಗಾಳಿ ಮೊದಲೇ ಬೇಕಾದ್ದಕ್ಕಿಂತ ಜಾಸ್ತಿ ಒಳಗಿರುತ್ತದೆ. ಆದ್ದರಿಂದ ಬರೀ ಪೈಪು ಬದಲಿಸಿದರೆ ಡೀಸೆಲ್ ಕಾರಿಗೆ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ. ಬರಬೇಕಾದರೆ ಇಸಿಯು ರೀಮ್ಯಾಪ್ ಮಾಡಿಸಬೇಕು, ಆಗ ಕ್ಲಚ್ಚಿಗೆ, ಟರ್ಬೊಗೆ, ಗೇರ್‌ಬಾಕ್ಸಿಗೆ ಹೊರೆ ಏರುತ್ತದೆ. ಅದು ಬೇರೆಯೇ ಕಥೆ, ಬೇರೆಯೇ ಖರ್ಚು. ಒಂದು ಮಾತ್ರೆ ನುಂಗಿದರೆ ಇನ್ನೆರಡು ಮಾತ್ರೆ ಬರೆದುಕೊಡುವ ಡಾಕ್ಟರ ಹಾಗೆ.

ಪೆಟ್ರೋಲ್ ಕಾರಿಗೆ ಸ್ವಲ್ಪ ಸಿಗಬಹುದು, ಅದೂ ಎಂಜಿನ್ ಪೂರ್ತಿ ಕಿರುಚುವ ವೇಗದಲ್ಲಿ. ಹಂಪು, ಗುಂಡಿ, ಎಮ್ಮೆ ದಾಟಿಸಿಕೊಂಡು ಹೋಗುವ ನಮ್ಮ ದಾರಿಯಲ್ಲಿ ಆ ವೇಗ ದಿನಕ್ಕೆಷ್ಟು ನಿಮಿಷ ಸಿಗುತ್ತದೆ?

‘ಮೈಲೇಜ್ ಜಾಸ್ತಿಯಾಗುತ್ತೆ’ ಅನ್ನುವುದಂತೂ ಶುದ್ಧ ಸುಳ್ಳು. ಅಮೆರಿಕದ ಇಂಧನ ಇಲಾಖೆಯ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಇದನ್ನು ಉಲ್ಟಾ ಕಡೆಯಿಂದ ಪರೀಕ್ಷಿಸಿತು. ಬೇಕಂತಲೇ ಫಿಲ್ಟರನ್ನು ಕಟ್ಟಿಸಿ ಓಡಿಸಿ ನೋಡಿತು. ಹೊಸ ಕಾಲದ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ, ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಯಾಕೆಂದರೆ ಒಳಗೆ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರ್ ಬಿಡುತ್ತದೆ. ಫಿಲ್ಟರ್ ಕಟ್ಟಿಕೊಂಡರೇ ಮೈಲೇಜ್ ಕೆಡುವುದಿಲ್ಲ ಎಂದಮೇಲೆ, ಕಟ್ಟಿಕೊಳ್ಳದ ಫಿಲ್ಟರನ್ನು ತೆಗೆದು ಇನ್ನೊಂದು ಹಾಕಿದರೆ ಎಲ್ಲಿಂದ ಸುಧಾರಿಸುತ್ತದೆ?

ಹೆಸರಲ್ಲಿರುವ ‘ಕೋಲ್ಡ್’ ಕೂಡ ಬಹುಪಾಲು ಹೆಸರಿಗೇ. ಕಂಪನಿಯ ಡಬ್ಬಿಗೆ ಒಂದು ಮೂತಿ ಇರುತ್ತದೆ, ಅದು ಮುಂದಿನ ಗ್ರಿಲ್ ಹತ್ತಿರದಿಂದ ಹೊರಗಿನ ಗಾಳಿ ತರುತ್ತದೆ. ಅದನ್ನು ಕಿತ್ತು ಬಾನೆಟ್ಟಿನ ಒಳಗೆ, ಕಾದ ಎಂಜಿನ್ನಿನ ಮಗ್ಗುಲಲ್ಲಿ, ಮುಚ್ಚಳವಿಲ್ಲದ ಕೋನ್ ಇಟ್ಟರೆ ಅದು ಎಳೆಯುವುದು ಒಲೆ ಮುಂದಿನ ಗಾಳಿ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಹೊರಗೆ 30 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ ಶೇ. 9 ಹೋಯಿತು. ದುಡ್ಡು ಕೊಟ್ಟು ಗಾಳಿ ಕಡಿಮೆ ಮಾಡಿಸಿಕೊಂಡ ಹಾಗಾಯಿತು.

ಹಾಗಾದರೆ ಹಾಕಿಸಿದವರೆಲ್ಲ ‘ಸಖತ್ ಪಿಕಪ್’ ಅನ್ನುವುದ್ಯಾಕೆ? ಸದ್ದು. ಕಂಪನಿಯ ಡಬ್ಬಿ ಫಿಲ್ಟರ್ ಮಾತ್ರವಲ್ಲ, ಗಾಳಿ ಎಳೆಯುವ ಸದ್ದನ್ನು ಅಡಗಿಸುವ ಸಾಧನವೂ ಹೌದು. ಅದು ಹೋದರೆ ಎಂಜಿನ್ನಿನ ಉಸಿರು, ಟರ್ಬೊ ಶಿಳ್ಳೆ ಎಲ್ಲ ಕಿವಿಗೆ ಬೀಳುತ್ತದೆ. ಕಿವಿ ಕೇಳಿದ್ದನ್ನು ಕಾಲು ನಂಬುತ್ತದೆ. ಸ್ಟಾಪ್‌ವಾಚ್ ಹಿಡಿದು ನೋಡಿದವರು ಯಾರು?

ಮೂತಿಯನ್ನು ನಿಜವಾಗಿಯೂ ತಣ್ಣನೆ ಗಾಳಿ ಸಿಗುವಲ್ಲಿ, ಅಂದರೆ ಬಂಪರಿನ ತಳದಲ್ಲಿ, ಇಡುವ ಕಿಟ್‌ಗಳೂ ಇವೆ. ಅವು ಇನ್ನೂ ಅಪಾಯ. ಮಳೆಗಾಲದಲ್ಲಿ ಹಳ್ಳ ದಾಟುವ ಊರುಗಳು ನಮ್ಮವು. ಮುಳುಗು ಸೇತುವೆ ಮೇಲೆ ಒಂದಡಿ ನೀರು ಹರಿಯುತ್ತಿದ್ದರೂ ‘ಹೋಗ್ಲಿ ಬಿಡು’ ಎನ್ನುವವರು ನಾವು. ಕೆಳಗಿಟ್ಟ ಮೂತಿ ಆ ನೀರನ್ನು ಸ್ಟ್ರಾ ಹಾಕಿ ಕುಡಿದಂತೆ ಕುಡಿಯುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಮೇಲೇರಿ ನೀರಿಗೆ ಗುದ್ದುತ್ತದೆ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸಾಮಾನ್ಯ ವಿಮೆ ಇದಕ್ಕೆ ದುಡ್ಡು ಕೊಡುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಕವರ್ ತಗೊಂಡಿರಬೇಕು. ತಗೊಂಡಿದ್ದರೂ ಸರ್ವೇಯರ್ ಬಾನೆಟ್ ಎತ್ತಿ ಆ ಪೈಪು ನೋಡಿದ ಮೇಲೆ ಏನು ಬರೆಯುತ್ತಾನೆ ಎಂಬುದು ನಿಮ್ಮ ಊಹೆಗೆ.

ಕಾನೂನಿನ ಮಾತು ಕೇಳಿದರೆ ಇನ್ನೂ ಸಿಟ್ಟು ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾಲೀಕ ತನ್ನಿಷ್ಟದಂತೆ ಗಾಡಿ ಬದಲಾಯಿಸುವುದನ್ನು ತಡೆಯುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಬದಲಾವಣೆಗೆ, ಒಂದೊಂದಕ್ಕೂ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು 182ಎ ಕಲಮಿನಲ್ಲಿ ಸೇರಿತು. ಬರೀ ಒಂದು ಫಿಲ್ಟರ್ ಇದರಡಿ ಬರುತ್ತದೋ ಇಲ್ಲವೋ ಎಂದು ವಕೀಲರು ವಾದಿಸಬಹುದು. ಆದರೆ ಚೆಕ್‌ಪೋಸ್ಟಿನಲ್ಲಿ ಬಿಸಿಲಿಗೆ ನಿಂತ ಹುಡುಗನಿಗೆ ವಕೀಲ ಸಿಗುವುದಿಲ್ಲ. ಅದೇ ಕಲಮಿನಲ್ಲಿ ಬಿಡಿಭಾಗ ಮಾರುವವನಿಗೆ ಇರುವ ಶಿಕ್ಷೆ ಸುರಕ್ಷತೆಗೆ ಅತಿ ಮುಖ್ಯವಾದ ಭಾಗಗಳಿಗೆ ಸಂಬಂಧಿಸಿದ್ದು. ಫಿಲ್ಟರ್ ಮಾರಿದವನನ್ನು ಅದರಲ್ಲಿ ಹಿಡಿಯುವುದು ಕಷ್ಟ. ಮಾರಿದವನು ಎಸಿ ಅಂಗಡಿಯಲ್ಲಿ, ಕೊಂಡವನು ರಸ್ತೆ ಬದಿಯಲ್ಲಿ ಕೈಮುಗಿದುಕೊಂಡು.

ಕ್ಯಾಲಿಫೋರ್ನಿಯಾ ನೋಡಿ. ಈ ರೇಸಿಂಗ್ ಫಿಲ್ಟರುಗಳ ದೊಡ್ಡ ಮಾರುಕಟ್ಟೆ ಅದು. ಅಲ್ಲಿ ಇಂಟೇಕ್ ಕಿಟ್ ತಯಾರಿಸಿದವನು ಮೊದಲು ವಾಯು ಮಂಡಳಿಯ ಮುಂದೆ ಹೋಗಿ, ಹೊಗೆ ಹೆಚ್ಚುವುದಿಲ್ಲ ಎಂದು ತೋರಿಸಿ, ಆದೇಶ ಸಂಖ್ಯೆ ಪಡೆಯಬೇಕು. ಆ ಸಂಖ್ಯೆ ಇಲ್ಲದ ಕಿಟ್ ಹಾಕಿದ ಕಾರು ಹೊಗೆ ತಪಾಸಣೆಯಲ್ಲೇ ಫೇಲ್. ಅಂದರೆ ಭಾರ ಮಾರುವವನ ಮೇಲೆ. ನಮ್ಮಲ್ಲಿ ಯಾಕೆ ಹಾಗಿಲ್ಲ ಎಂದು ನಾವು ಸಾರಿಗೆ ಇಲಾಖೆಯನ್ನು ಕೇಳುತ್ತೇವೆ. ಪೊಟ್ಟಣದ ಮೇಲೆ ‘10 ಎಚ್‌ಪಿ ಹೆಚ್ಚು’ ಎಂದು ಅಚ್ಚು ಹಾಕಿದವನು ಎಲ್ಲಿ, ಯಾವ ಕಾರಿನಲ್ಲಿ ಅಳೆದ ಎಂದು ಕೇಳುವ ಒಬ್ಬ ಅಧಿಕಾರಿಯೂ ಬೇಡವೇ?

ರೀಲ್ಸ್ ಮಾಡುವವರಿಗೂ ಎರಡು ಮಾತು. ಕಿಟ್ ಪುಕ್ಕಟೆ ಪಡೆದು ‘ಹಳ್ಳಿ ಹುಡುಗರೇ, ಡಿಸ್ಕೌಂಟ್ ಕೋಡ್ ಹಾಕಿ’ ಅನ್ನುವ ನೀವು, ಆ ಕಾರಿನ ಎಂಜಿನ್ ಆಯಿಲನ್ನು ಒಂದು ವರ್ಷ ಬಿಟ್ಟು ತೋರಿಸಿದ ಒಂದೇ ಒಂದು ವಿಡಿಯೊ ಹಾಕಿ. ರ್‍ಯಾಲಿ ಕಾರುಗಳ ಉದಾಹರಣೆ ಬೇಡ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನಲ್ಲಿ ರ್‍ಯಾಲಿ ಓಡಿಸುವವರಿಗೆ ಹಿಂದೆ ಮೆಕ್ಯಾನಿಕ್‌ಗಳ ತಂಡ ಇರುತ್ತದೆ, ಬೇಕಾದಾಗ ಎಂಜಿನ್ ಬಿಚ್ಚುತ್ತಾರೆ. ನಮ್ಮವರ ಹಿಂದೆ ಇರುವುದು ಫೈನಾನ್ಸ್ ಕಂಪನಿಯ ವಸೂಲಿ ಹುಡುಗರು.

ನಮಗೆ ನಿಜವಾಗಿ ನೋವಾಗುವುದು ಇಲ್ಲೇ. ಊರಲ್ಲಿ ಕಾರು ಅಂದರೆ ಶೋಕಿ ಮಾತ್ರ ಅಲ್ಲ. ಹೆರಿಗೆಗೆ, ಹಾವು ಕಚ್ಚಿದವರಿಗೆ ರಾತ್ರಿ ಎರಡು ಗಂಟೆಗೆ ಅದೇ ಆಂಬುಲೆನ್ಸ್. ಮದುವೆ ಸೀಸನ್ನಿಗೆ ಬಾಡಿಗೆ. ಹಳದಿ ಬೋರ್ಡ್ ಇದ್ದರೆ ಅದೇ ಹೊಟ್ಟೆಪಾಡು. ನಮಗೆ ಪರಿಚಯದ ಒಬ್ಬ ಚಾಲಕ ಇಂಥದೇ ಕೋನ್ ಹಾಕಿಸಿದ್ದ ಕಾರಿನ ಎಂಜಿನ್ ಬಿಚ್ಚಿಸಿದ. ರಿಂಗು ಸವೆದು ಬೋರ್ ಗೀರಿತ್ತು. ಗಾಡಿ ಶೆಡ್ಡಿನಲ್ಲಿ ನಿಂತ ದಿನಗಳೆಲ್ಲ ಕಂತು ಮಾತ್ರ ನಿಲ್ಲಲಿಲ್ಲ, ಹೆಂಡತಿಯ ಸರ ಅಡ ಹೋಯಿತು. ಉಳಿಸಿದ್ದು ಏನು? ಕೆಲವು ನೂರು ರೂಪಾಯಿಯ ಕಾಗದದ ಫಿಲ್ಟರ್.

ಸರ್ವಿಸ್ ಸೆಂಟರುಗಳೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡೋಣ. ‘ಏರ್ ಫಿಲ್ಟರ್ ಚೇಂಜ್’ ಎಂದು ಬಿಲ್ಲಿನಲ್ಲಿ ಬರೆದು ಹಳೆಯದನ್ನೇ ಊದಿ ಹಾಕಿದರೆ ಹುಡುಗರು ನಂಬಿಕೆ ಕಳೆದುಕೊಂಡು ರಸ್ತೆ ಬದಿ ಅಂಗಡಿಗೆ ಹೋಗುತ್ತಾರೆ. ಹಳೇ ಫಿಲ್ಟರನ್ನು ಕೈಗೆ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು, ಕೇಳಿ.

ಈಗಾಗಲೇ ಹಾಕಿಸಿದವರು ಹಳೇ ಡಬ್ಬಿ ಅಟ್ಟದ ಮೇಲೆ ಇದ್ದರೆ ಇಳಿಸಿ. ಇಲ್ಲದಿದ್ದರೆ ಗುಜರಿಯಲ್ಲಿ ನಿಮ್ಮ ಮಾಡೆಲ್‌ನದೇ ಸಿಗುತ್ತದೆ. ಕ್ಲಿಪ್ಪುಗಳೂ ರಬ್ಬರ್ ಅಂಚೂ ಸರಿಯಿವೆಯೇ ನೋಡಿ, ಅಲ್ಲಿ ಸಂದು ಬಿಟ್ಟರೆ ಹೊಸ ಫಿಲ್ಟರ್ ಹಾಕಿಯೂ ಪ್ರಯೋಜನವಿಲ್ಲ. ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಒಳ್ಳೆ ರಸ್ತೆಯ ಲೆಕ್ಕ. ಧೂಳಿನ ದಾರಿಯಲ್ಲಿ ಓಡಿಸುವವರು ಅದಕ್ಕಿಂತ ಬೇಗ ಬಿಚ್ಚಿ ನೋಡಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪನ್ನು ಕಾಗದಕ್ಕೆ ಒತ್ತಿ ಹಿಡಿದು ಊದಿಸಬೇಡಿ, ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಮೆಲ್ಲಗೆ ತಟ್ಟಿ ಕೊಡವಿ, ಬಿಸಿಲಿಗೆ ಹಿಡಿದು ನೋಡಿ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಹೊಸದು ತನ್ನಿ, ಜೊತೆಗೆ ಬಿಲ್ಲು ಕೇಳಿ.