ಮಕ್ಕಳ ಕೈಯಲ್ಲಿ ಮೊಬೈಲು, ಗುರುಗಳ ಮುಂದಿನ ಕೆಲಸ



ಉಮರ್ಗಾ, ನಿಲಂಗಾ, ಉದಗೀರ ಭಾಗದ ಶಿಕ್ಷಕರೊಡನೆ ಮಾತಿಗೆ ಕೂತರೆ ಈಚೆಗೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಹುಡುಗ್ರು ಮೊಬೈಲ್ದಾಗ ನಮಗಿಂತ ಭಾಳ ಮುಂದ ಹೋಗ್ಯಾರ್ರೀ." ನಿಜವೇ. ಆದರೆ ಹುಡುಗರೊಡನೆ ಓಟದ ಪಂದ್ಯಕ್ಕೆ ನಿಲ್ಲುವುದು ಶಿಕ್ಷಕರ ಕೆಲಸವೇ ಎಂಬುದನ್ನು ನಾವು ಯೋಚಿಸಬೇಕು.

ಉದಾಹರಣೆ ಪಕ್ಕದ ಸೊಲ್ಲಾಪುರ ಜಿಲ್ಲೆಯಲ್ಲೇ ಇದೆ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ರಣಜಿತ್‌ಸಿಂಹ ಡಿಸಳೆ ಗುರುಗಳಿಗೆ 2020ರಲ್ಲಿ 10 ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿದವರು ಎಂದು ಪತ್ರಿಕೆಗಳು ಬರೆದವು. ಪ್ರಶಸ್ತಿ ಕೊಟ್ಟ ವಾರ್ಕಿ ಫೌಂಡೇಶನ್ ನೀಡಿದ ವಿವರದಲ್ಲಿ ಇನ್ನೊಂದು ಸಂಗತಿಯಿದೆ. ಅಲ್ಲಿನ ಹುಡುಗಿಯರ ಮನೆಮಾತು ಕನ್ನಡ, ಪಾಠ ಆ ಮಾತಿನಲ್ಲಿರಲಿಲ್ಲ. ಗುರುಗಳು ಊರಿನಲ್ಲೇ ನೆಲೆಸಿ ಭಾಷೆ ಕಲಿತರು, ಪಾಠಗಳನ್ನು ಅನುವಾದಿಸಿದರು, ಅದಕ್ಕೆ ಕೋಡ್ ಸೇರಿಸಿದರು. ಮೊದಲು ಮಕ್ಕಳ ಮಾತು, ಆಮೇಲೆ ಯಂತ್ರ. ಕೋಡಿನ ಪದ್ಧತಿಯನ್ನು ಎಲ್ಲ ತರಗತಿಗಳಿಗೂ ತರುವುದಾಗಿ 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿತು. ಮಾತು ಕಲಿಯುವ ಪದ್ಧತಿಯನ್ನು ಯಾರೂ ತರಲಿಲ್ಲ.

ನಮ್ಮ ಚಿಂತೆ ಇಲ್ಲೇ ಇದೆ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಮನೆಮಾತು ಉಳಿಯಿತು. ಇಂದು ನಮ್ಮ ಮನೆಗಳ ಎಷ್ಟೋ ಮಕ್ಕಳು ಅಜ್ಜಿಯೊಡನೆ ಕನ್ನಡ, ಶಾಲೆಯಲ್ಲಿ ಮರಾಠಿ ಆಡುತ್ತಾರೆ. ವಾಟ್ಸ್ಯಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಮೊಬೈಲು ಬಲ್ಲ ಈ ಮಕ್ಕಳಿಗೆ ಅಜ್ಜನ ಹಳೆಯ ಕಾಗದ ಓದಲು ಬರುವುದಿಲ್ಲ. ಹೀಗೇ ಬಿಟ್ಟರೆ ಮುಂದಿನ ತಲೆಮಾರಿಗೆ ಕನ್ನಡ ಬರೀ ಕಿವಿಯ ಭಾಷೆ ಆದೀತು.

ಶಿಕ್ಷಕರ ತೊಡಕೂ ಸಣ್ಣದಲ್ಲ. ನುಡಿ, ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಕಡತ ಯೂನಿಕೋಡ್ ಅಲ್ಲದ ಕಾರಣ ಮೊಬೈಲಿನಲ್ಲಿ ಗೊಜಲಾಗಿ ತೆರೆಯುತ್ತದೆ. ಇದಕ್ಕೆ ಯೂನಿಕೋಡಿನಲ್ಲಿ ಬರೆಯುವುದೇ ಪರಿಹಾರ. ಒಂದು ಅನುಕೂಲವೂ ಇದೆ: ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಮರಾಠಿಯ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ' ಇರುತ್ತದೆ. ಅದರಲ್ಲಿ ಮರಾಠಿ ಟೈಪಿಂಗ್ ಬಲ್ಲವರಿಗೆ ಅರ್ಧ ಕನ್ನಡ ಟೈಪಿಂಗ್ ಬಂದ ಹಾಗೆಯೇ.

ಗುಮಾಸ್ತರಾಗಿದ್ದ ನಮಗೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ದಿನಗಳು ನೆನಪಿವೆ. ಕೀಲಿ ಒತ್ತುವುದನ್ನು ಹೊಸದಾಗಿ ಸೇರಿದ ಹುಡುಗ ಕಲಿಸಿದ. ಟಿಪ್ಪಣಿ ಬರೆಯುವುದನ್ನು ನಾವು ಅವನಿಗೆ ಕಲಿಸಿದೆವು. ಯಾರ ಮಾನವೂ ಹೋಗಲಿಲ್ಲ. ಶಿಕ್ಷಕರೂ ಸಂಕೋಚ ಬಿಟ್ಟು "ಇದು ಹ್ಯಾಂಗ ಮಾಡಬೇಕು, ತೋರಸಪ್ಪಾ" ಎಂದು ಹುಡುಗನನ್ನು ಕೇಳಬಹುದು. ಯಾವುದು ಸರಿ, ಯಾವುದು ಸುಳ್ಳು ಎಂದು ಹೇಳಲು ಹುಡುಗನಿಗೆ ಗುರುಗಳೇ ಬೇಕು.

ಸಂಘದ ವಿನಂತಿ ಇಷ್ಟೇ. ಪ್ರತಿ ಮನೆಯ ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಸಿರಿ. ಬಾಲಭಾರತಿಯ ಕನ್ನಡ ಪುಸ್ತಕ, ದೀಕ್ಷಾ ಆ್ಯಪಿನ ಕನ್ನಡ ಪಾಠ ಮಕ್ಕಳಿಗೆ ತೋರಿಸಿರಿ. ನಿವೃತ್ತ ಸದಸ್ಯರು ರವಿವಾರ ಒಂದು ತಾಸು ಅಕ್ಷರ ಕಲಿಸಲು, ಮಕ್ಕಳಿಂದ ಮೊಬೈಲು ಕಲಿಯಲು ಮುಂದೆ ಬನ್ನಿರಿ. ಮೂರೂ ಊರುಗಳಿಂದ ಹೆಸರು ಬಂದ ಮೇಲೆ ಸ್ಥಳ, ಸಮಯ ಇಲ್ಲೇ ತಿಳಿಸುತ್ತೇವೆ.

— ಕಾರ್ಯದರ್ಶಿ