ವಕೀಲರು ಸುಳ್ಳರಂತೆ, ನಾವೇನು ಹರಿಶ್ಚಂದ್ರರಾ?

ಆಫೀಸಿನ ಕ್ಯಾಂಟೀನಿನಲ್ಲಿ ವಕೀಲರ ಮಾತು ಬಂದರೆ ಸಾಕು, ಎಲ್ಲರದ್ದೂ ಒಂದೇ ರಾಗ. 'ಬಿಡ್ರೀ, ದುಡ್ಡು ಕೊಟ್ರೆ ಹಗಲನ್ನೇ ರಾತ್ರಿ ಅಂತ ಸಾಬೀತು ಮಾಡೋ ಜನ.' 'ಕಳ್ಳನ ಪರ ವಾದ ಮಾಡಿ ಅದ್ಹೇಗೆ ನಿದ್ದೆ ಬರುತ್ತೋ!' ಹೀಗೆ ಹೇಳೋರು ಯಾರು? ನಾವು, ಸಾಫ್ಟ್‌ವೇರ್ ಇಂಜಿನಿಯರುಗಳು. ಕೋಡ್ ಓಡುತ್ತೆ ಇಲ್ಲಾ ಓಡಲ್ಲ, ನಮ್ಮ ಕೆಲಸದಲ್ಲಿ ಸುಳ್ಳಿಗೆ ಜಾಗವೇ ಇಲ್ಲ ಅಂತ ನಮಗೊಂದು ಹೆಮ್ಮೆ. ಈ ಹೆಮ್ಮೆಯ ಗಾಳಿ ತೆಗೆಯೋಕೆ ಇಂಗ್ಲೆಂಡಿನ ಒಂದು ಪ್ರಕರಣ ಸಾಕು.

1999ರಿಂದ ಬ್ರಿಟನ್ನಿನ ಪೋಸ್ಟ್ ಆಫೀಸುಗಳಿಗೆ ಹಾರಿಜಾನ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಂತು. ಮಾಡಿಕೊಟ್ಟಿದ್ದು ಐಸಿಎಲ್, ಆಮೇಲೆ ಅದೇ ಫುಜಿತ್ಸು ಆಯ್ತು. ಅಲ್ಲಿನ ಸಬ್ ಪೋಸ್ಟ್‌ಮಾಸ್ಟರುಗಳಲ್ಲಿ ಬಹಳ ಜನ ಊರಲ್ಲೊಂದು ಅಂಗಡಿ ಇಟ್ಟುಕೊಂಡು ಅದರೊಳಗೇ ಅಂಚೆ ಕೌಂಟರ್ ನಡೆಸೋರು. ನಮ್ಮೂರ ಕಡೆ ಅಂಚೆ ಮಾಸ್ತರಿಗೆ ಇರೋ ಮರ್ಯಾದೆಯೇ ಅವರಿಗೂ. ಲೆಕ್ಕ ಮುಗಿಸೋಕೆ ಕೂತರೆ ಸ್ಕ್ರೀನಿನಲ್ಲಿ ಸಾವಿರಾರು ಪೌಂಡ್ ಕಮ್ಮಿ! ಕೈಯಿಂದ ಕಟ್ಟು, ಇಲ್ಲಾಂದ್ರೆ ಕೇಸು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಜನ ಕೋರ್ಟಿನಲ್ಲಿ ಅಪರಾಧಿಗಳು ಅನ್ನಿಸಿಕೊಂಡರು. ಅದರಲ್ಲಿ ಸುಮಾರು 700 ಕೇಸು ನಡೆಸಿದ್ದು ಖುದ್ದು ಪೋಸ್ಟ್ ಆಫೀಸು. ಸೀಮಾ ಮಿಶ್ರಾ ಅನ್ನೋ ಹೆಣ್ಣುಮಗಳಿಗೆ 2010ರಲ್ಲಿ 15 ತಿಂಗಳ ಜೈಲು. ಆಗ ಆಕೆ ಬಸುರಿ. ಆಕೆಯ ಪರ ನಿಂತ ಬ್ಯಾರಿಸ್ಟರ್ ಹಾರಿಜಾನ್‌ನ ದಾಖಲೆ ಕೊಡಿ ಅಂತ ಮತ್ತೆ ಮತ್ತೆ ಕೇಳಿದರು. ಸಿಗಬೇಕಾದ್ದು ಸಿಗಲಿಲ್ಲ. ಸಾಫ್ಟ್‌ವೇರ್ ಸರಿಯಿದೆ ಅಂತ ಸಾಕ್ಷಿ ಹೇಳಿದ್ದು ಯಾರು? ಫುಜಿತ್ಸುವಿನ ಒಬ್ಬ ಇಂಜಿನಿಯರ್.

ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ಮೊದಲು ತೋರಿಸಬೇಕು ಅನ್ನೋ ಕಾನೂನು ಇಂಗ್ಲೆಂಡಿನಲ್ಲಿ ಇತ್ತು. 1999ರಲ್ಲಿ ಅದನ್ನು ರದ್ದು ಮಾಡೋ ಕಾಯ್ದೆ ಬಂತು. ಯಂತ್ರ ಸರಿಯಿದೆ ಅಂತಲೇ ಕೋರ್ಟು ನಂಬಿಕೊಂಡು ಹೊರಡಬೇಕು, ಇಲ್ಲ ಅನ್ನೋರು ತೋರಿಸಲಿ. ಅಂಗಡಿ ಇಟ್ಟುಕೊಂಡ ಮನುಷ್ಯ ಎಲ್ಲಿಂದ ತೋರಿಸ್ತಾನೆ? ಅತ್ತ ಫುಜಿತ್ಸು ಒಳಗೆ 'ನೋನ್ ಎರರ್ ಲಾಗ್' ಅಂತ ಗೊತ್ತಿರೋ ದೋಷಗಳ ದಾಖಲೆಯೇ ಇತ್ತು. ಬ್ರಾಂಚಿನವರಿಗೆ ಗೊತ್ತಾಗದ ಹಾಗೆ ಅವರ ಲೆಕ್ಕದೊಳಗೆ ಕೈಯಾಡಿಸೋ ದಾರಿಯೂ ಇತ್ತು. 2019ರ ಡಿಸೆಂಬರಿನಲ್ಲಿ ಹೈಕೋರ್ಟು ಇದನ್ನೆಲ್ಲ ತೀರ್ಪಿನಲ್ಲೇ ಬರೆಯಿತು.

ಈಗ ನಾವು ಹೀಯಾಳಿಸೋ ವಕೀಲರ ಕಡೆ ಬನ್ನಿ. ಬ್ಯಾರಿಸ್ಟರ್ ಅಂದರೆ ನಮಗೆ ನೆನಪಾಗೋದು ಸೂಟು ಬೂಟಿನ ಹಳೇ ಫೋಟೋ. ಇವತ್ತು ಕ್ರಿಮಿನಲ್ ಬ್ಯಾರಿಸ್ಟರ್ ಆಗೋ ದಾರಿ ನೋಡಿ: ಡಿಗ್ರಿ, ಬಾರ್ ಕೋರ್ಸು, ಲಂಡನ್ನಿನ ನಾಲ್ಕು ಇನ್‌ಗಳಲ್ಲಿ ಒಂದರ ಸದಸ್ಯತ್ವ, ಹಿರಿಯರ ಕೈಕೆಳಗೆ ಒಂದು ವರ್ಷ ಪ್ಯುಪಿಲೇಜ್. ಆಮೇಲೆ ಚೇಂಬರ್ಸಿನಲ್ಲಿ ಜಾಗ ಸಿಕ್ಕರೂ ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ, ಕೇಸಿಗಿಷ್ಟು ಅಂತ ಬಂದದ್ದೇ ಗಳಿಕೆ. 2022ರಲ್ಲಿ ಇವರು ಮುಷ್ಕರವನ್ನೇ ಹೂಡಿದರು. ಹೊಸಬರ ಮೊದಲ ಮೂರು ವರ್ಷದ ಮಧ್ಯಮ ಆದಾಯ ವರ್ಷಕ್ಕೆ 12,200 ಪೌಂಡ್ ಅಂತ ಆಗ ಅವರ ಸಂಘ ಲೆಕ್ಕ ಕೊಟ್ಟಿತ್ತು. ದುಡ್ಡಿಗಾಗಿ ನಾಲಿಗೆ ಮಾರಿಕೊಳ್ಳೋರು ಆರಿಸಿಕೊಳ್ಳೋ ಕೆಲಸವಾ ಇದು?

ಇವತ್ತು ಆರೋಪಿಯ ಪರ, ನಾಳೆ ಇನ್ನೊಂದು ಕೇಸಿನಲ್ಲಿ ಸರ್ಕಾರದ ಪರ. ನಾಡಿದ್ದು ರೆಗ್ಯುಲೇಟರಿ ಕೇಸು: ತಪ್ಪು ಮಾಡಿದ ಆರೋಪ ಹೊತ್ತ ನರ್ಸೋ ಡಾಕ್ಟರೋ ವೃತ್ತಿಯಲ್ಲಿ ಉಳಿಯಬೇಕಾ ಬೇಡ್ವಾ ಅನ್ನೋ ವಿಚಾರಣೆ. ಯಾವ ಕಡೆ ನಿಂತರೂ ಒಂದು ನಿಯಮ ಬದಲಾಗಲ್ಲ: ಕಕ್ಷಿದಾರನಿಗಿಂತ ಕೋರ್ಟಿಗೆ ಇರೋ ಕರ್ತವ್ಯ ದೊಡ್ಡದು. ಪ್ರಾಸಿಕ್ಯೂಷನ್ ಪರ ಇದ್ದರಂತೂ, ತಮ್ಮ ಕೇಸಿಗೇ ಪೆಟ್ಟು ಕೊಡೋ ದಾಖಲೆಯಿದ್ದರೂ ಎದುರಿನವರಿಗೆ ಕೊಡಲೇಬೇಕು.

2013ರ ಜುಲೈನಲ್ಲಿ ಈ ನಿಯಮ ನೆನಪಿಟ್ಟುಕೊಂಡವರು ಸೈಮನ್ ಕ್ಲಾರ್ಕ್ ಅನ್ನೋ ಬ್ಯಾರಿಸ್ಟರ್. ಅವರಿದ್ದದ್ದು ಪೋಸ್ಟ್ ಆಫೀಸಿನ ಪರ ಕೇಸು ನಡೆಸೋ ಸಂಸ್ಥೆಯಲ್ಲಿ. ಆದರೂ ಅವರು ಬರೆದುಕೊಟ್ಟ ಅಭಿಪ್ರಾಯದ ಸಾರ ಇಷ್ಟು: ನಿಮ್ಮ ಇಂಜಿನಿಯರ್ ಸಾಕ್ಷಿ ಗೊತ್ತಿದ್ದ ಬಗ್‌ಗಳನ್ನು ಕೋರ್ಟಿಗೆ ಹೇಳಿಲ್ಲ, ಆ ಸಾಕ್ಷಿಯನ್ನು ಇನ್ನು ನಂಬೋ ಹಾಗಿಲ್ಲ. ಹಾರಿಜಾನ್ ಸಭೆಗಳ ಟಿಪ್ಪಣಿ ಚೂರು ಮಾಡಿ ಹಾಕಿ ಅಂತ ಯಾರೋ ಹೇಳಿದ್ದಾರೆ ಅನ್ನೋ ಸುದ್ದಿ ಬಂದಾಗ, ಹಾಗೆ ಮಾಡಕೂಡದು ಅಂತ ಮುಂದಿನ ತಿಂಗಳೇ ಇನ್ನೊಂದು ಬರೆದರು.

'ಹಾಗಾದ್ರೆ ಆ 700 ಕೇಸು ನಡೆಸಿದ್ದೂ ವಕೀಲರೇ ಅಲ್ವಾ?' ಅಂತೀರಿ. ಹೌದು, ಅವರೇ. ಕ್ಲಾರ್ಕ್ ಬರೆದ ಕಾಗದವೂ ಏಳು ವರ್ಷ ಕತ್ತಲೆಯಲ್ಲಿತ್ತು. 2020ರ ಕೊನೆಗೆ ಅದು ಹೊರಬಂತು, 2021ರ ಏಪ್ರಿಲಿನಲ್ಲಿ ಸೀಮಾ ಸೇರಿ 39 ಜನರ ಶಿಕ್ಷೆ ರದ್ದಾಯಿತು, 2024ರಲ್ಲಿ ಉಳಿದವರಿಗಾಗಿ ಪಾರ್ಲಿಮೆಂಟ್ ಕಾಯ್ದೆಯನ್ನೇ ತಂತು. ವಕೀಲರಲ್ಲಿ ಕೆಟ್ಟವರಿಲ್ಲ ಅಂತ ನಾನು ಹೇಳ್ತಿಲ್ಲ. ಕೆಟ್ಟವರನ್ನು ಹಿಡಿದು 'ನೀನು ಈ ನಿಯಮ ಮುರಿದೆ' ಅಂತ ಕೇಳೋಕೆ ಅವರ ವೃತ್ತಿಯಲ್ಲೊಂದು ನಿಯಮ ಇದೆ, ಸನ್ನದು ಕಿತ್ತುಕೊಳ್ಳೋ ವ್ಯವಸ್ಥೆ ಇದೆ. ನಮಗೇನಿದೆ? ನಮ್ಮ ದೇಶದಲ್ಲೂ ವಕೀಲರಿಗೆ ಬಾರ್ ಕೌನ್ಸಿಲ್, ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್. ನಮಗೆ ಇರೋದು ಅಪ್ರೈಸಲ್. ಬಗ್ ಮುಚ್ಚಿಟ್ಟವನ ಹೆಸರು ತೆಗೆಯೋಕೆ ಪಟ್ಟಿಯೇ ಇಲ್ಲವಲ್ಲ ಸ್ವಾಮಿ!

ಇದು ದೂರದ ಕಥೆ ಅಂದುಕೊಳ್ಳಬೇಡಿ. 2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಕಂಪ್ಯೂಟರ್ ದಾಖಲೆ ಕೋರ್ಟಿಗೆ ಹೋಗುವಾಗ ಜೊತೆಗೊಂದು ಸರ್ಟಿಫಿಕೇಟ್ ಬೇಕು. ಯಂತ್ರ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ಒಬ್ಬರು ಸಹಿ ಹಾಕಬೇಕು, ಪರಿಣತರೊಬ್ಬರು ಇನ್ನೊಂದು ಭಾಗಕ್ಕೆ ಸಹಿ ಹಾಕಬೇಕು. ಇಂಗ್ಲೆಂಡ್ ಕಿತ್ತುಹಾಕಿದ ಬೇಲಿ ನಮ್ಮಲ್ಲಿ ಇನ್ನೂ ಇದೆ. ಆದರೆ ಸಹಿ ಹಾಕೋರು ಯಾರು? ನಾಳೆ ಬ್ಯಾಂಕಿನದೋ ಡೆಲಿವರಿ ಆ್ಯಪಿನದೋ ಲಾಗ್ ಹಿಡಿದು ಯಾರ ಮೇಲಾದರೂ ಕೇಸು ಹಾಕಿದರೆ, ಆ ಕಾಗದ ಬರೋದು ನಿಮ್ಮ ಟೇಬಲ್ಲಿಗೇ. 'ಬೇಗ ಸೈನ್ ಮಾಡಿ ಕಳಿಸಿ, ಫಾರ್ಮಾಲಿಟಿ ಅಷ್ಟೇ' ಅಂತ ಮ್ಯಾನೇಜರ್ ಹೇಳ್ತಾರೆ.

ಅವತ್ತು ಸೈನ್ ಮಾಡೋಕೆ ಮುಂಚೆ ಜಿರಾ ತೆರೆದು ಓಪನ್ ಇರೋ ಬಗ್‌ಗಳನ್ನು ಒಮ್ಮೆ ಓದಿ. ಪ್ರೊಡಕ್ಷನ್ ಡೇಟಾ ಮುಟ್ಟೋಕೆ ಯಾರ್ಯಾರಿಗೆ ಆಕ್ಸೆಸ್ ಇತ್ತು ನೋಡಿ. ಲೆಕ್ಕ ತಪ್ಪಿರೋ ಸಾಧ್ಯತೆ ಇದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸಿ, ಬರೆಯಬೇಡಿ ಅಂದರೆ ಸೈನ್ ಮಾಡಬೇಡಿ. ಕಟಕಟೆಯಲ್ಲಿ ನಿಂತವರ ವಕೀಲ 'ನಿಮ್ಮ ಬಗ್ ಲಿಸ್ಟ್ ಕೊಡಿ' ಅಂತ ಕೇಳಿದರೆ ತಲೆಹರಟೆ ಅನ್ನಬೇಡಿ, ಕೊಡಿ. ಅಷ್ಟು ಮಾಡಿದ ಮೇಲೆ ಬೇಕಾದರೆ ಕ್ಯಾಂಟೀನಿನಲ್ಲಿ ಕೂತು ವಕೀಲರನ್ನು ಬೈಯೋಣ.