ಹವಳದ ತುಣುಕೂ ಬಣ್ಣದ ಮೋಹವೂ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ನಮ್ಮ ಹಿರಿಯರ ಅನುಭವದ ಮಾತು. ಅಮೆರಿಕ, ಯೂರೋಪು ಮೊದಲಾದ ಕಡೆಗಳಲ್ಲಿ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ ಜೀವಂತ ಹವಳವನ್ನು ಸಾಕುವ ಹವ್ಯಾಸಿಗಳು ಈ ಮಾತನ್ನು ದಿನವೂ ನೆನೆಯಬೇಕಾಗಿದೆ. ಅವರು ಕೊಳ್ಳುವುದು ಎರಡು ಮೂರು ಸೆಂಟಿಮೀಟರಿನ ತುಣುಕು. ಮಾರುವವರು ಅದಕ್ಕೆ ಇಡುವುದು ಬಣ್ಣವನ್ನು ಹೊಗಳುವ ಹೆಸರು. ಬಣ್ಣವನ್ನು ನಂಬಿ ಹವಳವನ್ನು ಗುರುತಿಸುವ ಈ ರೂಢಿಯು ಅವೈಜ್ಞಾನಿಕವಷ್ಟೇ ಅಲ್ಲ, ಹವಳಕ್ಕೂ ಸಾಕುವವನಿಗೂ ಅಪಾಯಕರವೆಂಬುದು ನನ್ನ ಅಭಿಪ್ರಾಯ.

ಈ ಬಣ್ಣವು ಬಹುಮಟ್ಟಿಗೆ ದೀಪದ ಕೊಡುಗೆ. ಕಡಲಿನ ಆಳಕ್ಕೆ ಇಳಿದಂತೆಲ್ಲ ಕೆಂಪು ಬೆಳಕು ಬೇಗನೆ ಹೀರಲ್ಪಡುತ್ತದೆ. ನೀಲಿ ಬೆಳಕು ದೂರ ಸಾಗುತ್ತದೆ. ಆದುದರಿಂದ ತೊಟ್ಟಿಗಳ ಮೇಲೂ ನೀಲಿ ದೀಪಗಳೇ ಹೆಚ್ಚು. ಹವಳದ ಮೈಯಲ್ಲಿರುವ ಕೆಲವು ಪ್ರೋಟೀನುಗಳು ನೀಲಿಯನ್ನು ಹೀರಿ, ಅದಕ್ಕಿಂತ ಹೆಚ್ಚಿನ ತರಂಗದೂರದ ಹಸುರನ್ನೋ ಕೆಂಪನ್ನೋ ಸೂಸುತ್ತವೆ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ವಿವರಿಸಿದ ಪ್ರತಿದೀಪ್ತಿ ಇದೇ. ಅದೇ ತುಣುಕನ್ನು ಬಿಳಿಯ ಬೆಳಕಿಗೆ ಹಿಡಿದರೆ ಮಂಕಾದ ಕಂದು ಬಣ್ಣ ಕಂಡೀತು. ಆ ಕಂದು ಹವಳದ ಅಂಗಾಂಶದೊಳಗೆ ಬಾಳುವ ಸೂಕ್ಷ್ಮ ಪಾಚಿಗಳದು. ಒಂದೇ ಪ್ರಭೇದವು ಹಲವು ಬಣ್ಣಗಳನ್ನು ತಳೆಯಬಲ್ಲುದು. ಹಲವು ಪ್ರಭೇದಗಳು ಒಂದೇ ಬಣ್ಣವನ್ನು ಹೊಂದಿರಬಲ್ಲುವು.

ಹಾಗಾದರೆ ಗುರುತಿಸುವುದೆಂತು? ಭೂತಗನ್ನಡಿ ಹಿಡಿದು ಅಸ್ಥಿಯನ್ನು ನೋಡಬೇಕು. ಹವಳವೆಂದರೆ ಪಾಲಿಪ್ ಎಂಬ ಚಿಕ್ಕ ಪ್ರಾಣಿಗಳ ಸಮೂಹ. ಕಲ್ಲುಹವಳದಲ್ಲಿ ಪ್ರತಿಯೊಂದು ಪಾಲಿಪೂ ಕ್ಯಾಲ್ಸಿಯಂ ಕಾರ್ಬೊನೇಟಿನ ಬಟ್ಟಲೊಂದನ್ನು ಕಟ್ಟಿಕೊಂಡು ಅದರಲ್ಲಿ ನೆಲಸುತ್ತದೆ. ರೆಂಬೆಯ ತುದಿಯಲ್ಲಿ ಮಿಕ್ಕವುಗಳಿಗಿಂತ ಬೇರೆಯಾದ ಒಂದು ಬಟ್ಟಲಿದ್ದರೆ ಅದು ಅಕ್ರೊಪೋರದ ಲಕ್ಷಣ. ಅದರ ಬಂಧುವಾದ ಮಾಂಟಿಪೋರದಲ್ಲಿ ಅಂತಹ ತುದಿಬಟ್ಟಲಿಲ್ಲ. ಬಟ್ಟಲುಗಳೇ ಇಲ್ಲದೆ ತೊಗಲಿನಂತಹ ಮೈ ಕಂಡರೆ ಅದು ಝೊಆಂಥಿಡ್ ಗುಂಪಿನ ಪ್ರಾಣಿಯಾಗಿರಬಹುದು. ಈ ಗುಂಪಿನ ಕೆಲವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವು ಅಂಟಿಕೊಂಡಿದ್ದ ಕಲ್ಲನ್ನು ಕುದಿಸಿದಾಗ ಎದ್ದ ಆವಿಯಿಂದ ಮನೆಯವರು ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ.

"ಹೆಸರಿನಿಂದೇನು, ಬದುಕಿದರೆ ಸಾಲದೆ?" ಎಂದು ಕೆಲವರು ಕೇಳಿಯಾರು. ಆದರೆ ಆರೈಕೆಯು ಗುರುತನ್ನೇ ಅವಲಂಬಿಸಿದೆ. ಅಕ್ರೊಪೋರಕ್ಕೆ ಪ್ರಖರವಾದ ಬೆಳಕೂ ಬಿರುಸಾದ ನೀರಿನ ಹರಿವೂ ಬೇಕು. ಯೂಫಿಲಿಯಕ್ಕೆ ಮಿತವಾದ ಬೆಳಕು, ಮೆಲುವಾದ ಹರಿವು ಸಾಕು. ಆದರೆ ಅದು ಚುಚ್ಚುವ ಗ್ರಹಣಾಂಗಗಳನ್ನು ಉದ್ದಕ್ಕೆ ಚಾಚಿ ನೆರೆಯ ಹವಳವನ್ನು ಸುಡುವುದರಿಂದ ದೂರದಲ್ಲಿಡಬೇಕು. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಸಾವಿರ ಭಾಗ ನೀರಿನಲ್ಲಿ 35 ಭಾಗ ಲವಣ ಇವು ಎರಡಕ್ಕೂ ಹಿತ. ಇವು ದಿನದಿನಕ್ಕೆ ಏರಿಳಿಯದಂತೆ ಅಳೆದು ಕಾಯುವುದೇ ನಿಜವಾದ ಪಾಲನೆ. ಹೊಸ ತುಣುಕನ್ನು ಮೊದಲು ಮಂದ ಬೆಳಕಿನಲ್ಲಿಟ್ಟು, ಕೆಲವು ವಾರಗಳಲ್ಲಿ ಕ್ರಮೇಣ ಬೆಳಕನ್ನು ಹೆಚ್ಚಿಸಬೇಕು.

ಇದು ಬಿಡುವಿನ ವಿನೋದವೆಂದು ತಳ್ಳಿಹಾಕುವಂತಿಲ್ಲ. 2023ರ ಜುಲೈನಲ್ಲಿ ಫ್ಲಾರಿಡದ ಕಡಲು ಮಿತಿಮೀರಿ ಕಾದಾಗ, ಅಲ್ಲಿನ ವಿಜ್ಞಾನಿಗಳು ನೀರಿನೊಳಗಿನ ಹವಳದ ತೋಟಗಳಿಂದ ಸಾವಿರಾರು ತುಣುಕುಗಳನ್ನು ದಡದ ತೊಟ್ಟಿಗಳಿಗೆ ಸಾಗಿಸಿದರು. ಇಂತಹ ತೋಟಗಳಲ್ಲಿ ತುಣುಕುಗಳ ವಂಶವನ್ನು ಬರೆದಿಡುವುದು ಪದ್ಧತಿ. ಆ ಬರೆಹವಿಲ್ಲದಿದ್ದರೆ ಯಾವ ವಂಶ ಬಿಸಿಯನ್ನು ತಾಳಿತೆಂಬುದನ್ನು ಅರಿಯುವುದೆಂತು?

ನಮ್ಮ ದೇಶದಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿದವು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಅದರ ಒಂದು ಚೂರನ್ನು ಕಿತ್ತರೂ ಅಪರಾಧ. ಅದು ಸರಿಯಾದ ಕಟ್ಟಳೆಯೇ. ಆದರೂ ವಿದ್ಯಾರ್ಥಿಗಳು ನಿರಾಶರಾಗಬೇಕಾಗಿಲ್ಲ. ನಿಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಸಂಗ್ರಹದಲ್ಲಿ ಹಳೆಯ ಹವಳದ ಮಾದರಿಯಿದ್ದರೆ, ಭೂತಗನ್ನಡಿ ಹಿಡಿದು ಅದರ ಬಟ್ಟಲುಗಳನ್ನು ಎಣಿಸಿ, ಚಿತ್ರ ಬರೆಯಿರಿ. ಅದರ ಬಣ್ಣ ಎಂದೋ ಮಾಸಿರುತ್ತದೆ. ಓದಬೇಕಾದ ಗುರುತು ಮಾತ್ರ ಹಾಗೆಯೇ ಉಳಿದಿರುತ್ತದೆ.